ಚೈನ್ ಸಾ: ದೊಡ್ಡ ಮಷಿನ್ ಬೇಕಾ, ಮನೆ ಮಷಿನ್ ಸಾಕಾ?

ಮುಂಗಾರಿಗೆ ಮುಂಚೆ ನಮ್ಮ ಕಡೆ ಒಂದು ಬಿರುಗಾಳಿ ಬಂದೇ ಬರುತ್ತದೆ. ಬದುವಿನ ಬೇವು ಅರ್ಧಕ್ಕೆ ಮುರಿದು ಬಂಡಿ ದಾರಿಗೆ ಅಡ್ಡ ಬೀಳುತ್ತದೆ. ಅವತ್ತು ಸಂಜೆ ನನಗೆ ಫೋನ್: "ಅಣ್ಣಾ, ನಿನ್ನ ಕಟಗಿ ಕೊಯ್ಯೋ ಮಷಿನ್ ಒಂದಿನ ಕೊಡ್ತೀ ಏನು?" ವಾರ ಬಿಟ್ಟು ಅದೇ ನಂಬರಿನಿಂದ ಇನ್ನೊಂದು ಫೋನ್: "ನಾನೂ ಒಂದು ತಗೋಬೇಕಂತ ಮಾಡೀನಿ. ಯಾವುದು ತಗೋಲಿ?"

ನನ್ನ ಹೊಲ ಕಲಬುರಗಿ ಕಡೆಯ ಕಮಲಾಪುರದ ಹತ್ತಿರ. ಇಲ್ಲಿಯವರೆಗೆ ಮೂರು ಚೈನ್ ಸಾ ಕೊಂಡಿದ್ದೇನೆ. ಒಂದನ್ನು ಸುಟ್ಟೆ, ಒಂದನ್ನು ಮಾರಿದೆ, ಒಂದು ಈಗಲೂ ಓಡುತ್ತಿದೆ. ಕೈ ಸುಟ್ಟುಕೊಂಡವನನ್ನೇ ಜನ ಬುದ್ಧಿವಂತ ಅಂದುಕೊಳ್ಳುತ್ತಾರೆ, ಏನು ಮಾಡುವುದು.

ಈ ವರ್ಷ ಮೂವರು ಕೇಳಿದರು. ಒಬ್ಬ ಸುರಪುರ ತಾಲ್ಲೂಕಿನಲ್ಲಿರುವ ನಮ್ಮ ಕಾಕನ ಮಗ. ಅವನದು ಕಾಲುವೆ ನೀರಿನ ಹೊಲ, ಬದುವಿನ ತುಂಬ ಬಳ್ಳಾರಿ ಜಾಲಿ. ಇನ್ನೊಬ್ಬರು ಔರಾದ್ ಕಡೆಯ ನಮ್ಮ ಮಾವ. ಅವರದು ಹಳೇ ಮಾವಿನ ತೋಟ, ವರ್ಷಕ್ಕೊಮ್ಮೆ ಕೊಂಬೆ ಸವರುವ ಕೆಲಸ. ಮೂರನೆಯವನು ಚಿಂಚೋಳಿಯ ಒಬ್ಬ ಹುಡುಗ. ಊರೂರು ತಿರುಗಿ ಮರ ಕೊಯ್ದು ಕೊಡುವುದನ್ನೇ ದುಡಿಮೆ ಮಾಡಿಕೊಳ್ಳಬೇಕು ಅಂತಿದ್ದಾನೆ. ಮೂವರದೂ ಒಂದೇ ಪ್ರಶ್ನೆ: ಪ್ರೊಫೆಷನಲ್ ತಗೋಬೇಕಾ, ಮನೆ ಬಳಕೆಯದು ಸಾಕಾ? ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ.

ಅಂಗಡಿಗೆ ಹೋಗುವ ಮುಂಚೆ

ಅಂಗಡಿಯವರು ಮೊದಲು ಸಿಸಿ ಹೇಳುತ್ತಾರೆ, ಆಮೇಲೆ ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿ) ಎಷ್ಟು ಇಂಚು ಅಂತ ಹೇಳುತ್ತಾರೆ. ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಕೇಳಿಕೊಳ್ಳಬೇಕಾದ್ದು ಇದು: ವರ್ಷಕ್ಕೆ ಎಷ್ಟು ಗಂಟೆ ಈ ಮಷಿನ್ ಓಡುತ್ತದೆ?

ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. "ಭಾಳ ಕೆಲಸ ಇರ್ತದರಿ" ಅನ್ನುತ್ತಾರೆ. ನಾನು ಪೆಟ್ರೋಲ್ ಲೆಕ್ಕ ಕೇಳುತ್ತೇನೆ. ಸಣ್ಣ ಮಷಿನ್ ಪೆಟ್ರೋಲ್‌ಗೆ ಆಯಿಲ್ ಕಲೆಸಿದ ಒಂದು ಲೀಟರ್ ಮಿಶ್ರಣಕ್ಕೆ ಸುಮಾರು ಒಂದರಿಂದ ಒಂದೂವರೆ ಗಂಟೆ ಕೊಯ್ಯುತ್ತದೆ. ಹೋದ ವರ್ಷ ಬಾಡಿಗೆಗೆ ತಂದಾಗ ಎಷ್ಟು ಲೀಟರ್ ಸುಟ್ಟಿರಿ? ಹತ್ತು ಲೀಟರ್ ಅಂದರೆ ಹತ್ತು–ಹದಿನೈದು ಗಂಟೆ. ನಮ್ಮ ಭಾಗದ ಬಹಳಷ್ಟು ರೈತರ ಲೆಕ್ಕ ಇಷ್ಟರೊಳಗೇ ಮುಗಿಯುತ್ತದೆ. ಅದೇ ದುಡಿಮೆಗೆ ಇಟ್ಟವನು ಸೀಸನ್‌ನಲ್ಲಿ ಇಷ್ಟನ್ನು ನಾಲ್ಕೈದು ದಿನದಲ್ಲೇ ಸುಡುತ್ತಾನೆ.

ಎರಡನೆಯದು ಮರ. ದಪ್ಪ ಎಷ್ಟು, ಜಾತಿ ಯಾವುದು. ಸುಬಾಬುಲ್, ಹೆಬ್ಬೇವು ಬೆಣ್ಣೆ ಇದ್ದ ಹಾಗೆ. ಬೇವು, ಮಾವು ನಡುವಿನವು. ಕರಿಜಾಲಿ, ಬಳ್ಳಾರಿ ಜಾಲಿ, ಹುಣಸೆ ಗಟ್ಟಿ. ಅದರಲ್ಲೂ ಒಣಗಿದ ಹುಣಸೆ ಬೊಡ್ಡೆ ಎದುರಿಗಿದ್ದರೆ ಸಣ್ಣ ಮಷಿನ್ ಅಳುತ್ತದೆ. ಬಾರ್‌ನ ಉದ್ದ ಮರದ ದಪ್ಪಕ್ಕಿಂತ ಎರಡು ಇಂಚು ಜಾಸ್ತಿ ಇದ್ದರೆ ಕೆಲಸ ಸಲೀಸು. 16 ಇಂಚಿನ ಬಾರ್ ಇದ್ದರೆ ಒಂದಡಿ ದಪ್ಪದ ಮರ ಆರಾಮಾಗಿ ಆಗುತ್ತದೆ. ಕೈ ಪಳಗಿದವರು ಎರಡೂ ಕಡೆಯಿಂದ ಕೊಯ್ದು ಇನ್ನೂ ದಪ್ಪದ್ದನ್ನೂ ಮುಗಿಸುತ್ತಾರೆ.

ಮೂರನೆಯದು, ಯಾರ ಕೈಯಲ್ಲಿ ಇರುತ್ತದೆ? ನಾಲ್ಕು ಕೆಜಿಗೂ ಆರು ಕೆಜಿಗೂ ಅಂಗಡಿಯಲ್ಲಿ ಎತ್ತಿ ನೋಡಿದಾಗ ಅಂಥಾ ವ್ಯತ್ಯಾಸ ಕಾಣುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಅರ್ಧ ಗಂಟೆ ಎದೆ ಮಟ್ಟಕ್ಕೆ ಹಿಡಿದು ನಿಂತಾಗ ಕಾಣುತ್ತದೆ. ದಣಿದ ಕೈಯಲ್ಲೇ ಅಪಘಾತ ಆಗುವುದು.

ನಾಲ್ಕನೆಯದು, ಕೆಟ್ಟರೆ ಎಲ್ಲಿಗೆ ಒಯ್ಯುತ್ತೀರಿ? ಕಲಬುರಗಿ, ಬೀದರ್ ಪೇಟೆಯಲ್ಲಿ ಬಿಡಿಭಾಗ ಸಿಗುವ ಮಷಿನ್ ಒಂದು. ಆನ್‌ಲೈನ್‌ನಲ್ಲಿ ತರಿಸಿ, ಪೆಟ್ಟಿಗೆ ಮೇಲಿನ ಹೆಸರು ಮುಂದಿನ ವರ್ಷಕ್ಕೆ ಮಾಯವಾಗುವ ಮಷಿನ್ ಇನ್ನೊಂದು. ಹುಣಸಗಿಯವನಿಗೆ ಒಂದು ಸ್ಪ್ರಾಕೆಟ್‌ಗಾಗಿ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಒಂದು ದಿನ ಹೋಗುತ್ತದೆ ಅಂದರೆ ಅದೂ ಮಷಿನ್‌ನ ರೇಟಿನಲ್ಲೇ ಸೇರಿತು.

ದುಡ್ಡಿನ ಮಾತು ಕೊನೆಗೆ. ಕೊಳ್ಳುವ ರೇಟಷ್ಟೇ ಅಲ್ಲ, ಚೈನ್, ಆಯಿಲ್, ಹೆಲ್ಮೆಟ್ ಎಲ್ಲ ಸೇರಿಸಿಯೇ ಲೆಕ್ಕ ಹಾಕಬೇಕು.

ಒಳಗೆ ಏನು ಬೇರೆ?

ಹೊರಗಿಂದ ಎರಡೂ ಒಂದೇ ಥರ. ಬಣ್ಣ ಒಂದೇ, ಹಿಡಿ ಒಂದೇ. ವ್ಯತ್ಯಾಸ ಇರುವುದು ಕವಚದೊಳಗೆ.

ಮನೆ ಬಳಕೆಯ ಮಷಿನ್‌ನಲ್ಲಿ ಇಂಜಿನ್ ಒಂದು ಪ್ಲಾಸ್ಟಿಕ್ ಒಡಲೊಳಗೆ ಕೂತಿರುತ್ತದೆ. ಕ್ರ್ಯಾಂಕ್‌ನ (ಪಿಸ್ಟನ್ ತಿರುಗಿಸುವ ದಂಡ) ಬೇರಿಂಗ್‌ಗಳನ್ನು ಸಿಲಿಂಡರ್‌ನ ತಳಕ್ಕೆ ಒಂದು ಮುಚ್ಚಳ ಹಾಕಿ ಬೋಲ್ಟ್ ಬಿಗಿದು ಹಿಡಿಸಿರುತ್ತಾರೆ. ಹಗುರ, ಅಗ್ಗ. ಆದರೆ ಪಿಸ್ಟನ್ ಬದಲಿಸಬೇಕು ಅಂದರೆ ಇಡೀ ಇಂಜಿನ್ ಹೊರಗೆ ತೆಗೆಯಬೇಕು. ಮೆಕ್ಯಾನಿಕ್‌ನ ಕೂಲಿ ಸೇರಿಸಿದರೆ ಹೊಸದೇ ತಗೊಳ್ಳೋಣ ಅನ್ನಿಸುವಷ್ಟು ಬಿಲ್ ಆಗುತ್ತದೆ.

ಪ್ರೊಫೆಷನಲ್ ಮಷಿನ್‌ನಲ್ಲಿ ಕ್ರ್ಯಾಂಕ್ ಕೂರುವ ಗೂಡು, ಅಂದರೆ ಕ್ರ್ಯಾಂಕ್‌ಕೇಸ್, ಎರಡು ಹೋಳಿನ ಮೆಗ್ನೀಷಿಯಂದು. ಬೇರಿಂಗ್‌ಗಳು ಆ ಲೋಹದಲ್ಲೇ ಕೂತಿರುತ್ತವೆ. ಬಿಸಿ ಬೇಗ ಹೊರಗೆ ಹೋಗುತ್ತದೆ, ಅಲುಗಾಟ ಇಲ್ಲ. ನಾಲ್ಕು ಬೋಲ್ಟ್ ಬಿಚ್ಚಿದರೆ ಸಿಲಿಂಡರ್ ಕೈಗೆ ಬರುತ್ತದೆ, ಅಂದರೆ ಹತ್ತು ವರ್ಷ ಆದಮೇಲೂ ರಿಪೇರಿಗೆ ಅರ್ಥ ಇದೆ. ಹಿಡಿಗೂ ಇಂಜಿನ್‌ಗೂ ನಡುವೆ ಒಳ್ಳೇ ಸ್ಪ್ರಿಂಗ್ ಇರುತ್ತವೆ. ದಿನಾ ಹಿಡಿಯುವವನಿಗೆ ಇದು ಬಹಳ ಮುಖ್ಯ. ವರ್ಷಗಟ್ಟಲೆ ಆ ನಡುಕ ತಿಂದ ಬೆರಳು ಜೋಮು ಹಿಡಿದು ಬೆಳ್ಳಗಾಗುವ ಕಾಯಿಲೆ ಬರುತ್ತದೆ. ಬಾರ್‌ಗೆ ಹೋಗುವ ಆಯಿಲ್ ಜಾಸ್ತಿ–ಕಡಿಮೆ ಮಾಡಲು ಸ್ಕ್ರೂ ಇರುತ್ತದೆ. ಬಹಳಷ್ಟು ಸಣ್ಣ ಮಷಿನ್‌ನಲ್ಲಿ ಈ ಸ್ಕ್ರೂ ಇರುವುದಿಲ್ಲ.

ಸಿಸಿ ಮಾತು ಯಾಕೆ ಪಕ್ಕಕ್ಕಿಡಿ ಅಂದೆ ಗೊತ್ತಾ? ಒಂದೇ ಕಂಪನಿಯ ಎರಡು ಮಷಿನ್ ತಗೊಳ್ಳಿ. ಸ್ಟಿಲ್ ಅನ್ನುವ ಕಂಪನಿಯ ಎಂಎಸ್ 250 ಇದೆ, ಪ್ಲಾಸ್ಟಿಕ್ ಒಡಲಿನದು. 45.4 ಸಿಸಿ, 2.3 ಕಿಲೋವಾಟ್. ಎಂಎಸ್ 261 ಪ್ರೊಫೆಷನಲ್ ಸಾಲಿನದು. 50.2 ಸಿಸಿ, 3 ಕಿಲೋವಾಟ್. ತೂಕದಲ್ಲಿ ಎರಡಕ್ಕೂ ಹೆಚ್ಚು ಅಂತರ ಇಲ್ಲ. ಸಿಸಿ ಹತ್ತು ಪರ್ಸೆಂಟ್ ಹೆಚ್ಚು, ಶಕ್ತಿ ಮೂವತ್ತು ಪರ್ಸೆಂಟ್ ಹೆಚ್ಚು. ನೀವು ಜಾಸ್ತಿ ದುಡ್ಡು ಕೊಡುವುದು ಇದಕ್ಕೆ.

ಅಮೆರಿಕದಲ್ಲಿ ಚೈನ್ ಸಾ ಮೇಲೆ ಹೊಗೆಯ ನಿಯಮದ ಒಂದು ಚೀಟಿ ಅಂಟಿಸುತ್ತಾರೆ. ಅದರಲ್ಲಿ 50 ಗಂಟೆ, 125 ಗಂಟೆ, 300 ಗಂಟೆ ಅಂತ ಮೂರು ದರ್ಜೆ ಇವೆ. ಇದು ಇಂಜಿನ್‌ನ ಆಯುಷ್ಯ ಅಲ್ಲ, ಹೊಗೆ ಮಿತಿಯೊಳಗೆ ಇರುವ ಅವಧಿ. ಆದರೂ ಕಂಪನಿಯವರು ಯಾವ ಮಷಿನ್ ಅನ್ನು ಎಷ್ಟು ದುಡಿತಕ್ಕೆ ಅಂತ ಕಟ್ಟಿದ್ದಾರೆ ಅನ್ನುವ ಸುಳಿವು ಅದರಲ್ಲಿದೆ. ವರ್ಷಕ್ಕೆ ಹತ್ತು ಗಂಟೆ ಓಡಿಸುವವನಿಗೆ 125 ಗಂಟೆ ಅಂದರೂ ಹನ್ನೆರಡು ವರ್ಷ. ದಿನಕ್ಕೆ ನಾಲ್ಕು ಗಂಟೆ ಓಡಿಸುವವನಿಗೆ ಅದು ಒಂದೇ ತಿಂಗಳು.

ಕೊಳ್ಳದೇ ಇರುವುದೂ ಒಂದು ದಾರಿ

ವರ್ಷಕ್ಕೆ ಒಂದೆರಡು ದಿನದ ಕೆಲಸ ಇದ್ದರೆ ಮಷಿನ್ ಸಮೇತ ಆಳನ್ನೇ ಕರೆಸಿ. ದಿನಕ್ಕೆ ಇಷ್ಟು ಅಂತ ಪಗಾರ, ಪೆಟ್ರೋಲ್ ನಿಮ್ಮದೋ ಅವರದೋ ಮೊದಲೇ ಮಾತಾಡಿಕೊಳ್ಳಿ. ಮನೆ ಮೇಲೆ ವಾಲಿದ ಮರ, ಕರೆಂಟ್ ತಂತಿ ಪಕ್ಕದ ಮರ ಇದ್ದರಂತೂ ಸ್ವಂತ ಮಷಿನ್ ಇದ್ದರೂ ಕೈ ಹಾಕಬೇಡಿ. ತಂತಿ ಇದ್ದ ಕಡೆ ಮೊದಲು ಲೈನ್‌ಮ್ಯಾನ್ ಬಂದು ಲೈನ್ ಬಂದ್ ಮಾಡಬೇಕು.

ಬರೇ ಮಷಿನ್ ಬಾಡಿಗೆಗೆ ತರುವುದು ನನಗೆ ಸರಿ ಕಾಣುವುದಿಲ್ಲ. ಬಾಡಿಗೆ ಮಷಿನ್‌ಗೆ ಚೈನ್ ಮಸೆಯುವವರು ಯಾರೂ ಇಲ್ಲ. ಮೊಂಡು ಚೈನ್ ಇಟ್ಟು ತಳ್ಳುತ್ತಾ ಅರ್ಧ ದಿನ ಕಳೆದುಹೋಗುತ್ತದೆ.

ಕರೆಂಟ್ ಮತ್ತು ಬ್ಯಾಟರಿ

ವೈರ್ ಇರುವ ಕರೆಂಟ್ ಮಷಿನ್ ಮನೆ ಅಂಗಳಕ್ಕೆ ಚಂದ. ಸೌದೆ ತುಂಡು ಮಾಡಲು, ನುಗ್ಗೆ ಸವರಲು, ಕಲಬುರಗಿಯ ಬಡಾವಣೆಯಲ್ಲಿ ಕಾಂಪೌಂಡ್ ಒಳಗಿನ ಮರಕ್ಕೆ ಇದು ಸಾಕು. ಹೊಗೆ ಇಲ್ಲ, ಹಗ್ಗ ಎಳೆಯುವ ಕಷ್ಟ ಇಲ್ಲ. ಆದರೆ 2 ಕಿಲೋವಾಟ್ ಮಷಿನ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಮದುವೆ ಮನೆಯ ಸೀರಿಯಲ್ ಲೈಟಿನ ವೈರ್ ಜೋಡಿಸಿ ಐವತ್ತು ಮೀಟರ್ ಒಯ್ದರೆ ವೋಲ್ಟೇಜ್ ಬಿದ್ದು ಮೋಟಾರ್ ಬಿಸಿಯಾಗುತ್ತದೆ. 2.5 ಚದರ ಮಿಲಿಮೀಟರ್ ವೈರ್ ಬೇಕು. ಹೊಲಕ್ಕೆ ಇದನ್ನು ಮರೆತುಬಿಡಿ. ಅಲ್ಲಿ ಕರೆಂಟ್ ಬರುವ ಹೊತ್ತು ಯಾವುದು ಅಂತ ನಿಮಗೆ ಗೊತ್ತೇ ಇದೆ, ಎಷ್ಟೋ ಸಲ ನಡುರಾತ್ರಿ.

ಬ್ಯಾಟರಿ ಮಷಿನ್ ಬಗ್ಗೆ ಈಗ ಬಹಳ ಜನ ಕೇಳುತ್ತಾರೆ. ಲೆಕ್ಕ ಸರಳ. 36 ವೋಲ್ಟ್, 4 ಆಂಪಿಯರ್‌ ಅವರ್ ಬ್ಯಾಟರಿ ಅಂದರೆ 144 ವಾಟ್ ಅವರ್. ಒಂದು ಕಿಲೋವಾಟ್ ಹೊರೆ ಹಾಕಿ ಬಿಡದೆ ಕೊಯ್ದರೆ ಎಂಟು–ಒಂಬತ್ತು ನಿಮಿಷ. ಕೊಂಬೆ ಸವರುವಾಗ ನಿಂತು ನಿಂತು ಕೊಯ್ಯುತ್ತೇವೆ, ಹಾಗಾಗಿ ಅದೇ ಬ್ಯಾಟರಿ ಅರ್ಧ ಗಂಟೆ ಮೀರಿಯೂ ಬರಬಹುದು. ಬೊಡ್ಡೆ ಕೊಯ್ದರೆ ಬರುವುದಿಲ್ಲ. ಇನ್ನೊಂದು ನಮ್ಮ ಊರಿನ ತೊಂದರೆ. ಮೇ ತಿಂಗಳಲ್ಲಿ ಇಲ್ಲಿ ನೆರಳಲ್ಲೇ 42–43 ಡಿಗ್ರಿ. ಬಿಸಿಲಲ್ಲಿಟ್ಟ ಬ್ಯಾಟರಿ ಕಾದು ಚಾರ್ಜ್ ಆಗುವುದಿಲ್ಲ ಅಂತ ಕೆಂಪು ಲೈಟ್ ತೋರಿಸುತ್ತದೆ. ನೀರಿನ ಕೊಡದ ಪಕ್ಕ, ನೆರಳಲ್ಲಿ ಇಟ್ಟುಕೊಳ್ಳಬೇಕು. ಎರಡು ಬ್ಯಾಟರಿ ಇಲ್ಲದೆ ತಗೊಳ್ಳಬೇಡಿ. ಎರಡನೇ ಬ್ಯಾಟರಿಯ ರೇಟ್ ಕೇಳಿದಮೇಲೂ ಮನಸ್ಸು ಗಟ್ಟಿ ಇದ್ದರೆ ತಗೊಳ್ಳಿ.

ಆ '58 ಸಿಸಿ, 22 ಇಂಚು' ಮಷಿನ್

ಈಗ ನನ್ನ ಸುಟ್ಟ ಮಷಿನ್‌ನ ಕಥೆ. ಆರು–ಹತ್ತು ಸಾವಿರದೊಳಗೆ ಸಿಗುವ, ಪೆಟ್ಟಿಗೆ ಮೇಲೆ ದೊಡ್ಡದಾಗಿ 'ಹೆವಿ ಡ್ಯೂಟಿ, ಪ್ರೊಫೆಷನಲ್' ಅಂತ ಬರೆದಿರುವ ಆ ಮಷಿನ್ ನಿಮಗೂ ಕಣ್ಣಿಗೆ ಬಿದ್ದಿರುತ್ತದೆ. ಹೆಸರು ಹತ್ತಾರು, ಒಳಗಿನ ಮಷಿನ್ ಹೆಚ್ಚುಕಡಿಮೆ ಒಂದೇ. ನಾನು ಮೊದಲು ತಂದದ್ದು ಅದನ್ನೇ. ಅಂಗಡಿಯವರು, "ಇದ್ರ ಮುಂದ ಕಂಪನಿ ಮಷಿನ್ ಏನೂ ಅಲ್ರಿ, ಅದು ಮೂವತ್ತು ಸಿಸಿ, ಇದು ಐವತ್ತೆಂಟು" ಅಂದರು. ನನಗೂ ಖರೇ ಅನ್ನಿಸಿತು.

ಮೊದಲ ವಾರ ಚೆನ್ನಾಗಿಯೇ ಓಡಿತು. ಆಮೇಲೆ ಹಳ್ಳದ ದಂಡೆಯ ಒಣ ಜಾಲಿಗೆ ಇಳಿಸಿದೆ. 22 ಇಂಚಿನ ಬಾರ್‌ನ ತುದಿಯವರೆಗೆ ಆಯಿಲ್ ತಲುಪುತ್ತಿರಲಿಲ್ಲ. ಚೈನ್ ಕಾದು ಸಡಿಲಾಗುತ್ತದೆ, ಬಿಗಿ ಮಾಡುತ್ತೇನೆ, ಮತ್ತೆ ಸಡಿಲ. ಮೂರನೇ ದಿನ ಮಧ್ಯಾಹ್ನ ಇಂಜಿನ್‌ನ ಸದ್ದು ಇದ್ದಕ್ಕಿದ್ದಂತೆ ಸಣ್ಣಗೆ, ಮೇಲಿನ ಸ್ವರಕ್ಕೆ ಏರಿತು. ನಾನು ಒಳ್ಳೇ ಸ್ಪೀಡ್ ಬಂತು ಅಂದುಕೊಂಡೆ! ಅದು ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದಾಗಿನ ಸದ್ದು ಅಂತ ಗೊತ್ತಾಗಿದ್ದು ಪಿಸ್ಟನ್ ಸಿಲಿಂಡರ್‌ಗೆ ಅಂಟಿಕೊಂಡ ಮೇಲೆ. ಅಂಗಡಿಗೆ ಒಯ್ದರೆ, "ಇಂಜಿನ್‌ಗೆ ಗ್ಯಾರಂಟಿ ಬರಲ್ಲರಿ" ಅಂದರು.

ತಪ್ಪು ಪೂರಾ ಮಷಿನ್‌ದಲ್ಲ, ನನ್ನದೂ ಇದೆ. ಗೆಳೆಯನೊಬ್ಬ ಇದೇ ಥರದ್ದನ್ನು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದಾನೆ. ಅವನು ಮಾಡಿದ್ದು ಎರಡು ಕೆಲಸ. 22 ಇಂಚಿನ ಬಾರ್ ತೆಗೆದು 18 ಇಂಚಿನದು ಹಾಕಿದ. ಪೆಟ್ರೋಲ್‌ಗೆ ಲೀಟರ್‌ಗೆ 40 ಮಿಲಿ ಟೂ–ಸ್ಟ್ರೋಕ್ ಆಯಿಲ್ ಹಾಕುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅವನಿಗೆ ಕಾರ್ಬುರೇಟರ್ ಬಿಚ್ಚಿ ಕೂಡಿಸಲು ಬರುತ್ತದೆ. ಬಿಡಿಭಾಗ ಅಗ್ಗ, ಎಲ್ಲ ಕಡೆ ಒಂದೇ ಅಳತೆ. ಕೈಗೆ ಎಣ್ಣೆ ಮೆತ್ತಿಕೊಳ್ಳುವುದು ಇಷ್ಟ ಇರುವವರಿಗೆ ಇದು ಕೆಟ್ಟ ವ್ಯಾಪಾರ ಅಲ್ಲ. ಉಳಿದವರಿಗೆ ಬೇಡ ಅನ್ನುತ್ತೇನೆ.

ಅಂದ ಹಾಗೆ, 58 ಸಿಸಿ ಅಂತ ಮಾರುವ ಕೆಲವು '5800' ನಂಬರಿನ ಮಷಿನ್‌ಗಳ ಜೊತೆ ಬರುವ ಪುಸ್ತಕ ತೆಗೆದು ನೋಡಿ. ಒಳಗೆ ಸಣ್ಣ ಅಕ್ಷರದಲ್ಲಿ 54.5 ಸಿಸಿ ಅಂತ ಇರುತ್ತದೆ. ಮೂರೂವರೆ ಸಿಸಿ ದೊಡ್ಡ ವಿಷಯ ಅಲ್ಲ ಬಿಡಿ. ಆದರೆ 'ಪ್ರೊಫೆಷನಲ್' ಅನ್ನುವ ಮಾತನ್ನೂ ಅದೇ ಪೆಟ್ಟಿಗೆಯೇ ಹೇಳುತ್ತಿದೆ ಅನ್ನುವುದು ನೆನಪಿರಲಿ. ದೊಡ್ಡ ಬಾರ್ ತೊಟ್ಟ ಸಣ್ಣ ದರ್ಜೆಯ ಮಷಿನ್ ಅದು.

ಕಂಪನಿಯ ಸಣ್ಣ ಮಷಿನ್

ಹದಿನೈದರಿಂದ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿ ಸ್ಟಿಲ್, ಹಸ್ಕ್‌ವರ್ನಾ ಥರದ ಕಂಪನಿಗಳ ಮನೆ ಬಳಕೆಯ ಮಷಿನ್ ಬರುತ್ತವೆ. ಉದಾಹರಣೆಗೆ ಸ್ಟಿಲ್ ಎಂಎಸ್ 180. ಸುಮಾರು 32 ಸಿಸಿ, ನಾಲ್ಕು ಕೆಜಿ ಆಸುಪಾಸು. ಅಂಗಡಿಯ ಕಪಾಟಿನಲ್ಲಿ 58 ಸಿಸಿ ಪಕ್ಕ ಇಟ್ಟರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಅದೇ ಇದರ ಶಾಪ.

ನನ್ನ ಈಗಿನ ಮಷಿನ್ ಈ ದರ್ಜೆಯದೇ. ಚೈನ್ ತೆಳ್ಳಗಿರುತ್ತದೆ, ಕಡಿಮೆ ಮರ ತಿನ್ನುತ್ತದೆ. ಅದಕ್ಕೇ ಕಡಿಮೆ ಶಕ್ತಿಯಲ್ಲೂ ಸಲೀಸಾಗಿ ಇಳಿಯುತ್ತದೆ. ಬಾರ್ ಮೂತಿ ತಾಗಿ ಮಷಿನ್ ಮುಖದ ಕಡೆ ಹಾರುವುದಿದೆಯಲ್ಲ, ಅದನ್ನು ತಗ್ಗಿಸುವ ಚೈನ್ ಕೂಡ ಇವುಗಳಿಗೆ ಹಾಕಿರುತ್ತಾರೆ. ಹೊಸಬರಿಗೆ ಇದು ದೊಡ್ಡ ರಕ್ಷಣೆ. ಪ್ರೊಫೆಷನಲ್ ಮಷಿನ್‌ನ ಚೈನ್ ಚುರುಕು, ಆದರೆ ಅಷ್ಟೇ ಒರಟು. ಪಳಗಿದ ಕೈಗೆ ಅಂತ ಮಾಡಿದ್ದು.

ಕೊರತೆಯೂ ಇದೆ. ಒಂದೂವರೆ ಅಡಿಯ ಹುಣಸೆಗೆ ಹಾಕಿದರೆ ಕೊಯ್ಯುವುದಕ್ಕಿಂತ ಕಾಯುವುದೇ ಜಾಸ್ತಿ. ಇಪ್ಪತ್ತು ನಿಮಿಷಕ್ಕೊಮ್ಮೆ ಟ್ಯಾಂಕ್ ಖಾಲಿ. ಖಾಲಿಯಾದದ್ದು ಒಳ್ಳೆಯದೇ, ಆಗ ಮಷಿನ್‌ಗೂ ಮನುಷ್ಯನಿಗೂ ಐದು ನಿಮಿಷ ವಿಶ್ರಾಂತಿ. ದಿನವಿಡೀ ಓಡಿಸಲು ಇದನ್ನು ಕಟ್ಟಿಲ್ಲ. ಓಡಿಸಿದವರು ಎರಡನೇ ವರ್ಷ ಬಂದು "ಕಂಪನಿ ಮಷಿನೂ ಅಷ್ಟೇರಿ" ಅಂತ ಬೈಯುತ್ತಾರೆ.

ಇದಕ್ಕೂ ಪ್ರೊಫೆಷನಲ್‌ಗೂ ನಡುವೆ ರೈತರ ದರ್ಜೆ ಅಂತ ಒಂದಿದೆ, ಮೇಲೆ ಹೇಳಿದ ಎಂಎಸ್ 250 ಥರದ್ದು. ಒಳಗೆ ಪ್ಲಾಸ್ಟಿಕ್ ಒಡಲೇ, ಆದರೆ ಶಕ್ತಿ ಜಾಸ್ತಿ, 18 ಇಂಚಿನ ಬಾರ್ ಎಳೆಯುತ್ತದೆ. ಬದು ತುಂಬ ಜಾಲಿ ಇದ್ದು ವರ್ಷಕ್ಕೆ ಮೂವತ್ತು–ನಲವತ್ತು ಗಂಟೆ ಕೆಲಸ ಇದ್ದರೆ ಇದೇ ಸರಿಯಾದ ಜಾಗ. ನಮ್ಮ ಭಾಗದಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ, ಒಂದೋ ಎಲ್ಲಕ್ಕಿಂತ ಅಗ್ಗದ್ದು, ಇಲ್ಲ ಎಲ್ಲಕ್ಕಿಂತ ದೊಡ್ಡದು.

ಪ್ರೊಫೆಷನಲ್ ಯಾರಿಗೆ?

ಐವತ್ತು ಸಾವಿರದಿಂದ ಮೇಲೆ ಹೋಗುವ ಈ ಮಷಿನ್ ನಾನು ಒಮ್ಮೆ ಕೊಂಡಿದ್ದೆ, ಅದೇ ಮಾರಿದ್ದು. 72 ಸಿಸಿ, ಖಾಲಿಯಿದ್ದಾಗಲೇ ಆರು ಕೆಜಿ ಮೇಲೆ, ಬಾರ್, ಚೈನ್, ಪೆಟ್ರೋಲ್ ಸೇರಿದರೆ ಎಂಟಕ್ಕೆ ಹತ್ತಿರ. ಹುಣಸೆ ಬೊಡ್ಡೆಯಲ್ಲಿ ಅದು ಇಳಿಯುವುದನ್ನು ನೋಡುವುದೇ ಒಂದು ಸುಖ. ತಳ್ಳುವುದೇ ಬೇಡ, ತನ್ನ ತೂಕಕ್ಕೇ ಇಳಿಯುತ್ತದೆ. ಆದರೆ ಅಂಥಾ ಬೊಡ್ಡೆ ನನಗೆ ವರ್ಷಕ್ಕೆ ಎಷ್ಟು? ಎರಡು. ಉಳಿದ ದಿನ ಕೊಂಬೆ ಸವರಲು ಅದನ್ನೇ ಎತ್ತಿಕೊಂಡು ಓಡಾಡಿದೆ. ಸೊಂಟ ಹಿಡಿಯಿತು. ನಮ್ಮ ವೈನಿ ಒಮ್ಮೆ ಎತ್ತಿ ನೋಡಿ, "ಇದಕ್ಕಿಂತ ಕೊಡ್ಲಿ ಚಲೋ" ಅಂದರು.

ಇದು ಬೇಕಾದವರು ಇದ್ದಾರೆ. ದಿನಾ ಮರ ಕೊಯ್ದು ಪಗಾರ ಎಣಿಸುವವರು. ಇದ್ದಿಲು ಸುಡಲು ಜಾಲಿ ಕೊಯ್ಯುವವರು. ಹೆಬ್ಬೇವು, ತೇಗದ ಪ್ಲಾಟ್ ಹಿಡಿದು ಕೊಯ್ದು ಕೊಡುವ ಗುತ್ತಿಗೆಯವರು. ಅವರಿಗೆ ಮಷಿನ್ ನಿಂತ ದಿನ ನಾಲ್ಕು ಆಳಿನ ಕೂಲಿ ಹೋಯಿತು ಅಂತಲೇ ಲೆಕ್ಕ. ಅಂಥವರು ಸಣ್ಣ ಮಷಿನ್ ಕೊಂಡರೆ ಉಳಿಸಿದ ದುಡ್ಡು ಆರು ತಿಂಗಳಲ್ಲಿ ರಿಪೇರಿಗೆ ಹೋಗುತ್ತದೆ. ಹಾಗಂತ ಅವರೂ 72 ಸಿಸಿಯನ್ನೇ ತಗೊಳ್ಳಬೇಕಿಲ್ಲ. ನಮ್ಮ ಕಡೆಯ ಮರಗಳಲ್ಲಿ ಹೆಚ್ಚಿನವು ಒಂದಡಿ ಆಚೀಚೆ. ಹಾಗಾಗಿ 50 ಸಿಸಿಯ ಪ್ರೊಫೆಷನಲ್ ದಿನವಿಡೀ ಹಿಡಿಯಲು ಬರೊಬ್ಬರಿ. ಹಸ್ಕ್‌ವರ್ನಾದಲ್ಲಿ ಎಕ್ಸ್‌ಪಿ ಅಂತ ಕೊನೆಗೆ ಬರುವ ಮಾಡೆಲ್‌ಗಳು ಈ ಸಾಲಿನವು.

ಮಾರುವಾಗಲೂ ಒಂದು ಲಾಭ ಇದೆ. ನನ್ನ ದೊಡ್ಡ ಮಷಿನ್‌ಗೆ ಮೂರು ವರ್ಷದ ಮೇಲೂ ಅರ್ಧಕ್ಕಿಂತ ಜಾಸ್ತಿ ರೇಟ್ ಬಂತು. 58 ಸಿಸಿಯದು ಗುಜರಿಗೆ ಹೋಯಿತು.

ರೇಟಿನಲ್ಲಿ ಬರೆಯದ ಖರ್ಚು

ಯಾವುದೇ ತಗೊಳ್ಳಿ, ಇಪ್ಪತ್ತು ಪರ್ಸೆಂಟ್ ದುಡ್ಡು ಬೇರೆ ಇಟ್ಟುಕೊಳ್ಳಿ. ಎರಡನೇ ಚೈನ್ ಒಂದು ಬೇಕೇ ಬೇಕು. ನಮ್ಮ ಎರೆ ಹೊಲದ ಬದುವಿನಲ್ಲಿ ಬಿದ್ದ ಮರಕ್ಕೆ ಮಣ್ಣು ಮೆತ್ತಿರುತ್ತದೆ, ತೊಗಟೆಯ ಸೀಳಿನಲ್ಲೆಲ್ಲ ದೂಳು. ಬೀದರ್ ಕಡೆಯ ಕೆಂಪು ಮುರುಮು ಇನ್ನೂ ಕೆಟ್ಟದ್ದು. ಒಂದು ಸಲ ಚೈನ್ ನೆಲಕ್ಕೆ ತಾಗಿದರೆ ಹಲ್ಲು ಹೋಯಿತು. ಮೊದಲು ಕೊಡಲಿಯ ಹಿಂಬದಿಯಿಂದ ಮಣ್ಣು ಉದುರಿಸಿ, ಆಮೇಲೆ ಮಷಿನ್ ಇಳಿಸಿ.

ಮಸೆಯಲು ದುಂಡನೆಯ ಅರ ಬೇಕು, ಅಂಗಡಿಯಲ್ಲಿ ರೌಂಡ್ ಫೈಲ್ ಅನ್ನಿ. ಸಣ್ಣ ಮಷಿನ್‌ನ ತೆಳು ಚೈನ್‌ಗೆ 4 ಮಿಲಿಮೀಟರ್, .325 ಚೈನ್‌ಗೆ 4.8, ದೊಡ್ಡ 3/8 ಚೈನ್‌ಗೆ 5.2 ಅಥವಾ 5.5 (.325, 3/8 ಅನ್ನುವುದು ಚೈನ್‌ನ ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ). ತಪ್ಪು ಅಳತೆಯ ಅರ ಹಾಕಿದರೆ ಮಸೆದೂ ಪ್ರಯೋಜನ ಇಲ್ಲ. ಮಷಿನ್ ಹಿಟ್ಟಿನಂಥ ಪುಡಿ ಉದುರಿಸುತ್ತಿದ್ದರೆ ಚೈನ್ ಮೊಂಡಾಗಿದೆ, ಚಕ್ಕೆ ಉದುರಿಸುತ್ತಿದ್ದರೆ ಸರಿ ಇದೆ. ಮಸೆಯಲು ಕಲಿತವನ 32 ಸಿಸಿ, ಮಸೆಯದವನ 58 ಸಿಸಿಯನ್ನು ಹಿಂದೆ ಹಾಕುತ್ತದೆ. ಇದು ನಾನು ನಮ್ಮ ಹೊಲದಲ್ಲೇ, ಒಂದೇ ಬೇವಿನ ಮರದ ಮೇಲೆ ನೋಡಿದ್ದು.

ಪೆಟ್ರೋಲ್ ವಿಷಯ. ಕಂಪನಿ ಮಷಿನ್‌ಗೆ ಕಂಪನಿಯ ಆಯಿಲ್ ಆದರೆ ಲೀಟರ್‌ಗೆ 20 ಮಿಲಿ. ಬೇರೆ ಆಯಿಲ್ ಆದರೆ ಪುಸ್ತಕದಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ 40. ಅಂದಾಜಿಗೆ ಸುರಿಯಬೇಡಿ, ಔಷಧ ಅಂಗಡಿಯಲ್ಲಿ ಸಿಗುವ ಸಿರಿಂಜ್ ಇಟ್ಟುಕೊಳ್ಳಿ. ಈಗ ಬಂಕ್‌ನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಕಲೆಸಿದ್ದನ್ನು ತಿಂಗಳೊಳಗೆ ಮುಗಿಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡಿ. ವರ್ಷಕ್ಕೆ ಎರಡು ಸಲ ಮಾತ್ರ ಹೊರಗೆ ತೆಗೆಯುವ ಮಷಿನ್‌ಗಳು ಕೊಯ್ದು ಕೆಡುವುದಿಲ್ಲ, ಕೂತು ಕೆಡುತ್ತವೆ. ಮತ್ತೆ, ಟ್ರ್ಯಾಕ್ಟರ್‌ನಿಂದ ತೆಗೆದ ಸುಟ್ಟ ಆಯಿಲ್ ಅನ್ನು ಬಾರ್‌ಗೆ ಹಾಕುವುದು ಬೇಡ. ಅದರಲ್ಲಿರುವ ಲೋಹದ ಪುಡಿ ಬಾರ್, ಪಂಪ್ ಎರಡನ್ನೂ ಸವೆಸುತ್ತದೆ.

ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ಗಟ್ಟಿ ಬೂಟು. ಧೋತರ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿ, ಚಪ್ಪಲಿಯಲ್ಲಿ ನಿಂತು ಕೊಯ್ಯುವವರನ್ನು ದಿನಾ ನೋಡುತ್ತೇನೆ. ಚೈನ್ ಓಡುವುದು ಗಂಟೆಗೆ 70 ಕಿಲೋಮೀಟರ್ ಸ್ಪೀಡಿನಲ್ಲಿ. ಟವೆಲ್‌ನ ತುದಿ ಸಿಕ್ಕರೆ ಸಾಕು. ತೊಡೆಗೆ ಕಟ್ಟುವ ರಕ್ಷಣೆಯ ಬಟ್ಟೆ ಬಿಸಿಲಿಗೆ ಕಷ್ಟ, ನಿಜ. ಅದಕ್ಕೇ ಬೆಳಿಗ್ಗೆ ಆರರಿಂದ ಹತ್ತರವರೆಗೆ ಕೊಯ್ದು ಮುಗಿಸಿ.

ಎರಡು ಸಣ್ಣ ಮಾತು. ತೊಗರಿ ಕಟಗಿ ಕೊಯ್ಯಲು ಚೈನ್ ಸಾ ಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ತೆಳು ಕಡ್ಡಿ ಚೈನ್‌ಗೆ ಸಿಕ್ಕಿ ಚಾಟಿಯ ಹಾಗೆ ಬಡಿಯುತ್ತದೆ. ಮತ್ತೆ, ಮರ ನಿಮ್ಮ ಹೊಲದಲ್ಲಿದ್ದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನೀಲಗಿರಿ, ಸುಬಾಬುಲ್‌ಗೆ ಅನುಮತಿ ಬೇಕಿಲ್ಲ. ತೇಗ, ಶ್ರೀಗಂಧದಂಥ ಮರಕ್ಕೆ ಕೈ ಹಚ್ಚುವ ಮುಂಚೆ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ ಕೇಳಿ.

ಮೂವರು ಏನು ತಗೊಂಡರು

ಔರಾದ್ ಮಾವ ಬ್ಯಾಟರಿಯದನ್ನು ನೋಡಿ ಬಂದರು, ಎರಡನೇ ಬ್ಯಾಟರಿಯ ರೇಟ್ ಕೇಳಿ ಸುಮ್ಮನಾದರು. ಕೊನೆಗೆ ತಗೊಂಡದ್ದು ಕಂಪನಿಯ ಸಣ್ಣ ಪೆಟ್ರೋಲ್ ಮಷಿನ್, 14 ಇಂಚಿನ ಬಾರ್. ಅರವತ್ತು ದಾಟಿದವರು, ಹಗುರ ಇರುವುದೇ ಅವರಿಗೆ ಮುಖ್ಯ. ದೊಡ್ಡ ಬೊಡ್ಡೆ ಬಿದ್ದರೆ ಆಳು ಕರೆಸುತ್ತಾರಂತೆ.

ಚಿಂಚೋಳಿ ಹುಡುಗನ ಹತ್ತಿರ ಇದ್ದದ್ದು ಮೂವತ್ತು ಸಾವಿರ. ಅವನಿಗೆ ಪ್ರೊಫೆಷನಲ್ ಬೇಕು, ದುಡ್ಡು ಸಾಲದು. ಸಾಲ ಮಾಡಿ ತಗೋ ಅನ್ನಲು ನನಗೆ ಮನಸ್ಸು ಬರಲಿಲ್ಲ, ಕೆಲಸ ಸಿಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಮೊದಲು ಒಂದು ಸೀಸನ್ ಬೇರೆ ಗುತ್ತಿಗೆಯವರ ಕೈ ಕೆಳಗೆ ಅವರ ಮಷಿನ್ ಹಿಡಿ, ಮಸೆಯುವುದು ಕಲಿ ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದ. ಹೋದ ತಿಂಗಳು ಫೋನ್ ಮಾಡಿ, 50 ಸಿಸಿಯ ಹಳೇ ಪ್ರೊಫೆಷನಲ್ ಒಂದು ಮಾರಾಟಕ್ಕಿದೆ, ನೋಡಲು ಬರ್ತೀರಾ ಅಂತ ಕೇಳಿದ. ಹೋಗಿದ್ದೆ. ಸೈಲೆನ್ಸರ್‌ನ ಸ್ಕ್ರೂ ಬಿಚ್ಚಿಸಿ ಆ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಪಿಸ್ಟನ್ ಮೇಲೆ ಉದ್ದುದ್ದ ಗೀರು ಇದ್ದರೆ ಬೇಡ ಅಂತಲೇ ಹೋಗಿದ್ದು. ಗೀರು ಇರಲಿಲ್ಲ, ನುಣುಪಾಗಿತ್ತು. ತಗೊಂಡ.

ಸುರಪುರದ ತಮ್ಮ ಮಾತ್ರ ನನ್ನ ಮಾತು ಕೇಳಲಿಲ್ಲ. ಎಂಎಸ್ 250 ಥರದ್ದು ತಗೋ ಅಂದೆ. ಅವನು 58 ಸಿಸಿಯದನ್ನೇ ತಂದ. "ಅಣ್ಣಾ, ಉಳಿದ ರೊಕ್ಕದಾಗ ಗೊಬ್ಬರ ಬರ್ತದ" ಅಂದ. ಅದೂ ಒಂದು ಲೆಕ್ಕವೇ, ಇಲ್ಲ ಅನ್ನಲಾರೆ. ಬಾರ್ ಮಾತ್ರ 18 ಇಂಚಿನದು ಹಾಕಿಸಿ ಕಳಿಸಿದ್ದೇನೆ, ಜೊತೆಗೆ ಒಂದು ಸಿರಿಂಜ್.